ಬಿದ್ದ ಅಕ್ಷರದ ಬೆನ್ನು

ನಮ್ಮ ಊರಿನಲ್ಲಿ ಬಾಗಿಲ ಮೇಲಿನ ಹೆಸರು ಉದುರಿ ಬಿದ್ದರೆ ಯಾರೂ ಕಾರಣ ಕೇಳುವುದಿಲ್ಲ. ಎದುರು ಮನೆಯವರು ಮೊರ ತಂದು, ಮುಖವನ್ನು ಒಂದಿಷ್ಟು ಆಚೆ ತಿರುಗಿಸಿಕೊಂಡು, ಹೊಸ್ತಿಲ ಮೇಲೆ ಬಿದ್ದ ಅಕ್ಷರಗಳನ್ನು ಬಳಿದುಕೊಂಡು ಹೋಗಿ ಕೆರೆಗೆ ಹಾಕಿ ಬರುತ್ತಾರೆ. ನಾಚಿಕೆ ಪಡುವಂಥದ್ದನ್ನು ಮಾಡಿದವರ ಹೆಸರು ಬೀಳುತ್ತದೆ. ಅವರು ಅದನ್ನು ಸರಿಪಡಿಸಿಕೊಳ್ಳುವವರೆಗೆ ಎದುರು ಮನೆಯವರು ಕಾಯುತ್ತಾರೆ. ಆಮೇಲೆ ಹೊಸ ಹೆಸರು ಮಾಡಿಸಿ ತಂದು ತಾವೇ ಹಚ್ಚುತ್ತಾರೆ. ತನ್ನ ಬಾಗಿಲಿಗೆ ತಾನೇ ಹಚ್ಚಿಕೊಂಡ ಹೆಸರು ಇಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಎದುರು ಮನೆಯವರೊಂದಿಗೆ ಜಗಳ ಕಾಯುವವರು ನಮ್ಮಲ್ಲಿ ಕಡಿಮೆ. ಮಕ್ಕಳಿಗೆ ಮಾತು ಬರುವ ಮೊದಲೇ ಎರಡು ಸಂಗತಿ ಕಲಿಸುತ್ತೇವೆ: ಹೆಸರಿಲ್ಲದ ಬಾಗಿಲು ದಾಟುವಾಗ ಆಚೆ ಕಡೆ ನೋಡಬೇಕು, ಬಿದ್ದ ಅಕ್ಷರವನ್ನು ತಿರುಗಿಸಿ ಅದರ ಬೆನ್ನು ನೋಡಬಾರದು. ಸ್ನಾನಕ್ಕೆ ಕೂತವರ ಬಾಗಿಲು ತೆರೆದಷ್ಟೇ ಅಸಹ್ಯ ಅದು.

ನನ್ನ ಹೆಸರು ಮನೋರಮಾ. ಬಿ.ಎ. ಮುಗಿಸಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು. ಎಕ್ಸ್‌ಚೇಂಜಿಗೆ ಬೀಗ ಬಿದ್ದು ಎಷ್ಟೋ ಕಾಲವಾದರೂ ಹಳಬರು ಇನ್ನೂ ಫೋನಕ್ಕ ಎಂದೇ ಕರೆಯುತ್ತಾರೆ. ಆಗೆಲ್ಲ ಬಾಗಿಲ ಹೆಸರು ಬರೆಯುತ್ತಿದ್ದವನು ಪೇಂಟರ್ ಮೌನೇಶಪ್ಪ. ಅವನ ಬಣ್ಣವೂ ಉದುರಬೇಕಾದಾಗ ಉದುರುತ್ತಿತ್ತು, ಒಣಗಿದ ಕೆಸರಿನ ಹಾಗೆ ಚಕ್ಕೆ ಚಕ್ಕೆಯಾಗಿ. ಅವನ ಕಣ್ಣು ಮಂದವಾಗಿ ಅಕ್ಷರಗಳು ಒಂದರ ಮೇಲೊಂದು ಹತ್ತತೊಡಗಿದಾಗ ಊರಿನವರು ಯಾರೂ ತಪ್ಪು ಎತ್ತಿ ಆಡಲಿಲ್ಲ. ಅದೇ ಅವನಿಗೆ ಸಾಕಾಗಿಹೋಯಿತು. ಒಂದು ದಿನ ಬ್ರಷ್ಷಿನ ಡಬ್ಬಿಯನ್ನು ನನ್ನ ಜಗಲಿಯ ಮೇಲಿಟ್ಟು, "ಅಕ್ಕಾರ, ನನ್ನ ಸೊಟ್ಟ ಅಕ್ಷರ ನೋಡಿ ಮಂದಿ ಭಾಳ ಛಲೋ ಆಗೇತಿ ಅಂತಾರ. ಅದನ್ನ ತಡಕೊಳ್ಳಾಕ ಆಗವಲ್ದು. ನೀವು ಓದಿದವರು, ಏನರ ದಾರಿ ಹುಡುಕ್ರಿ," ಅಂದ.

ನಾನು ಹುಡುಕಿದ ದಾರಿ ಹಳೆಯ ರೇಡಿಯಂ ಕಟಿಂಗ್ ಮಷೀನು. ಬೈಕಿನ ನಂಬರ್ ಪ್ಲೇಟಿಗೆ, ಅಂಗಡಿಯ ಗಾಜಿಗೆ ಸ್ಟಿಕರ್ ಅಕ್ಷರ ಕತ್ತರಿಸುತ್ತಾರಲ್ಲ, ಅದು. ಬೇರೆ ಊರಿನಲ್ಲಿ ಅಂಗಡಿ ಮುಚ್ಚುತ್ತಿದ್ದ ಒಬ್ಬರು ತಮ್ಮ ಹಳೇ ಕಂಪ್ಯೂಟರಿನ ಜೊತೆ ಕೊಟ್ಟರು. ಹಾರ್ಮೋನಿಯಮ್ಮಿನಷ್ಟು ಅಗಲ, ಹಳದಿಗಟ್ಟಿದ ಮೈ, ಮುಂದೆ ಒಂದು ಗುಂಡಿ, ಒಳಗೆ ಅಕ್ಕಿಕಾಳಿನಷ್ಟು ಚಾಕು. ಸ್ಟಿಕರ್ ಹಾಳೆಯನ್ನು ಉರುಳೆಯಲ್ಲಿ ಸಿಕ್ಕಿಸಿ ಕಂಪ್ಯೂಟರಿನಲ್ಲಿ ಹೆಸರು ಟೈಪ್ ಮಾಡಿದರೆ ಹಾಳೆ ಹಿಂದೆ ಮುಂದೆ ಓಡುತ್ತದೆ, ಚಾಕು ಅಡ್ಡಡ್ಡ ಓಡುತ್ತದೆ. ಮೇಲಿನ ಬಣ್ಣದ ಪದರ ಮಾತ್ರ ಕತ್ತರಿಸಬೇಕು. ಅಂಟಿನ ಕೆಳಗಿನ ಬೆಣ್ಣೆಕಾಗದಕ್ಕೆ ಗೀರೂ ಬೀಳಬಾರದು. ಚಾಕುವಿನ ಒತ್ತಡ ಹೆಚ್ಚುಕಡಿಮೆ ಮಾಡಲಿಕ್ಕೇ ಆ ಗುಂಡಿ.

ಈ ಕೆಲಸ ಹಿಡಿದ ಮೇಲೆ ಊರಿನ ಗುಟ್ಟೆಲ್ಲ ನನ್ನ ಜಗಲಿಗೆ ಬರತೊಡಗಿದವು, ಆದರೆ ಬಾಯಿ ಬಿಟ್ಟು ಅಲ್ಲ. ಎದುರು ಮನೆಯವರ ಹೆಸರು ಮಾಡಿಸಲು ಬಂದವರು "ಮಳಿಗೆ ಹೋತ್ರಿ" ಅನ್ನುತ್ತಾರೆ. "ಹೌದು, ಈ ಸಲ ಮಳಿ ಭಾಳ" ಎಂದು ನಾನು ಚೈತ್ರದ ಬಿಸಿಲಿನಲ್ಲಿ ಕೂತು ಹೇಳುತ್ತೇನೆ. ಎಕ್ಸ್‌ಚೇಂಜಿನಲ್ಲಿ ಕೂತವಳಿಗೆ ಕೇಳಿಸಿಯೂ ಕೇಳಿಸದ ಹಾಗೆ ಇರುವುದು ಹೊಸದಲ್ಲ. ಆದರೆ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಬಾಗಿಲಿನ ಹೆಸರು, ಮಷೀನು ಬಂದ ಹೊಸದರಲ್ಲಿ ಪಕ್ಕದ ಮನೆಯ ಟೇಲರ್ ಮೆಹರು ಹಚ್ಚಿಕೊಟ್ಟದ್ದು, ಒಂದು ಸಲವೂ ಬಿದ್ದಿರಲಿಲ್ಲ. ಎದುರು ಮನೆ ಆಗ ಖಾಲಿ ಇತ್ತು, ಈಗ ಅಲ್ಲಿರುವ ದಾನಪ್ಪ ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ಕಸ ಗುಡಿಸುವಾಗ ತಲೆ ಎತ್ತಿ ಆ ಹೆಸರನ್ನು ನೋಡುವುದು ನನ್ನ ಅಭ್ಯಾಸವಾಗಿತ್ತು.

ಕಳೆದ ಚಳಿಗಾಲದಲ್ಲಿ ಹಳೇ ಕಂಪ್ಯೂಟರು ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ಹೊಸ ಲ್ಯಾಪ್‌ಟಾಪ್ ತರಿಸಿದೆ. ತೆಳ್ಳಗೆ, ಚೆಂದವಾಗಿ, ತಾಂಬೂಲದ ತಟ್ಟೆಯ ಹಾಗಿತ್ತು. ಮಷೀನಿನ ವೈರಿಗೆ ಎರಡು ಸಾಲು ಹಲ್ಲಿನ ಅಗಲ ಬಾಯಿ. ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಹೊಂದುವ ತೂತೇ ಇಲ್ಲ. ನಡುವೆ ಸಿಕ್ಕಿಸಲು ಕನ್ವರ್ಟರ್ ತರಿಸಿದೆ. ಅದರಲ್ಲಿ ನೀಲಿ ದೀಪ ಹತ್ತಿತು, ಮಷೀನು ಮಾತ್ರ ಮಿಸುಕಲಿಲ್ಲ. ಕನ್ವರ್ಟರ್ ಮಾರಿದವರಿಗೆ ಫೋನ್ ಮಾಡಿದೆ.

"ಮೇಡಂ, ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ."

"ಮಾಡಿದೆ."

"ಎರಡನ್ನೂ?"

"ಎರಡನ್ನೂ. ಮನಿ ಮೇನ್ ಸ್ವಿಚ್ಚನ್ನೂ."

"ಹಂಗಾದ್ರ ದೇವರ ಮ್ಯಾಲೆ ಭಾರ ಹಾಕ್ರಿ. ಅದು ನಮ್ಮಪ್ಪನ ಕಾಲದ ಮಷೀನು, ಈಗಿನ ಕಂಪ್ಯೂಟರಿಗೆ ಅದರ ಮಾತ ತಿಳಿಯಂಗಿಲ್ಲ."

ಮಾತು ತಿಳಿಯುವುದಿಲ್ಲ ಅಂದದ್ದು ನನಗೆ ಪಂಥ ಕಟ್ಟಿದ ಹಾಗಾಯಿತು. ಒಂದು ತುದಿಯವರ ಮಾತು ಇನ್ನೊಂದು ತುದಿಗೆ ಮುಟ್ಟಿಸುವುದೇ ನನ್ನ ಜೀವಮಾನದ ಕೆಲಸ. ಕೂತು ನೋಡಿದೆ. ಕನ್ವರ್ಟರ್ ಯಾವ ನಂಬರಿನ ತೂತಿನಲ್ಲಿದೆಯೆಂದು ಲ್ಯಾಪ್‌ಟಾಪ್ ಒಂದು ಹೇಳಿದರೆ, ಕತ್ತರಿಸುವ ಹೊಸ ಪ್ರೋಗ್ರಾಂ ಇನ್ನೊಂದು ಕಡೆ ಕೂಗುತ್ತಿತ್ತು. ಎರಡನ್ನೂ ಒಂದು ಮಾಡಿದೆ. ಆಮೇಲೆ ಮಷೀನು ಗರಗರ ಅಂದಿತು, ಆದರೆ ಹೆಸರಿನ ಬದಲು ಕೋಳಿ ಕೆದರಿದ ಹಾಗೆ ಗೀರಿತು. ಲ್ಯಾಪ್‌ಟಾಪು ಅವಸರದಲ್ಲಿ ಮಾತಾಡುತ್ತಿದೆ, ಈ ಮುದುಕ ನಿಧಾನವಾಗಿ ಕೇಳಿಸಿಕೊಳ್ಳುತ್ತಾನೆ ಎಂದು ಹೊಳೆಯಿತು. ಎರಡೂ ಕಡೆ ವೇಗವನ್ನು ಒಂದೇ ಮಾಡಿದೆ. ಮಷೀನು 'ಮೆಹರು' ಎಂದು ಅಚ್ಚುಕಟ್ಟಾಗಿ ಬಿಡಿಸಿತು. ನಾನು ಓಣಿಗೆಲ್ಲ ಪೇಢೆ ಹಂಚಿದೆ. ಅಷ್ಟಕ್ಕೇ ಸುಮ್ಮನಿರದೆ, ಆ ಹುರುಪಿನಲ್ಲಿ ನಮ್ಮ ಓಣಿಯ ಮನೆಗಳಿಗೆಲ್ಲ ಹೊಸ ಹೆಸರು ಕತ್ತರಿಸಿ ಕೊಟ್ಟೆ. ಎದುರುಬದುರು ಮನೆಯವರು ಒಬ್ಬರಿಗೊಬ್ಬರು ಹಚ್ಚಿದರು. ಅವತ್ತು ಓಣಿ ಮದುವೆಮನೆಯ ಹಾಗಿತ್ತು. ನನ್ನದನ್ನು ಮಾತ್ರ ಬದಲಿಸಲಿಲ್ಲ. ಬೀಳದ ಹೆಸರನ್ನು ಕೀಳಲು ಮನಸ್ಸಾಗಲಿಲ್ಲ.

ಬೇಸಿಗೆ ಹತ್ತಿತು. ಅಕ್ಷರಗಳು ಬೀಳತೊಡಗಿದವು. ಮೆಹರುವಿನ ಒಂದಕ್ಷರ ಬಿತ್ತು. ಅವಳು ಎರಡು ದಿನ ಮಂಕಾಗಿ ಕೂತು, ಆಮೇಲೆ ಗಿರಾಕಿಗಳ ಬಟ್ಟೆಯಲ್ಲಿ ಉಳಿಸಿಕೊಂಡಿದ್ದ ತುಂಡುಗಳನ್ನೆಲ್ಲ ಗಂಟು ಕಟ್ಟಿಕೊಂಡು ಮನೆ ಮನೆಗೆ ಹೋಗಿ ವಾಪಸು ಕೊಟ್ಟು ಬಂದಳು. ಓಣಿಯ ತುದಿಯ ಅಣ್ಣತಮ್ಮಂದಿರ ಮನೆಯಲ್ಲಿ ಇಬ್ಬರ ಹೆಸರಿನಿಂದಲೂ ಅಕ್ಷರ ಉದುರಿ, ಇಬ್ಬರೂ ತಪ್ಪು ತನ್ನದೇ ಎಂದುಕೊಂಡು, ನಡುವಿನ ಗೋಡೆಯ ಬಾಗಿಲನ್ನು ಎರಡೂ ಕಡೆಯಿಂದ ಒಟ್ಟಿಗೇ ತೆಗೆದರಂತೆ. ಯಾರೋ ಯಾರದೋ ಒರಳು ಮರಳಿಸಿದರು. ಊರು ಎಂದೂ ಇಲ್ಲದಷ್ಟು ಒಳ್ಳೆಯದಾಗುತ್ತಿದೆ ಎಂದು ನಾನು ಕೂತು ಸಂತೋಷಪಟ್ಟೆ. ಒಬ್ಬರಾದರೂ ಬಂದು ನಿಮ್ಮ ಮಷೀನು ನೋಡಿಕೊಳ್ಳಿ ಅನ್ನಲಿಲ್ಲ. ಅಕ್ಷರ ಬಿದ್ದ ಮೇಲೆ ಎಲ್ಲರೂ ತಮ್ಮೊಳಗೆ ಹುಡುಕಿದರು, ಹುಡುಕಿದವರಿಗೆಲ್ಲ ಏನಾದರೊಂದು ಸಿಕ್ಕಿತು.

ದಾನಪ್ಪನಿಗೂ ಸಿಕ್ಕಿತು. ನನ್ನ ಎದುರು ಮನೆಯ ದಾನಪ್ಪ ಶಾಲೆಯ ವ್ಯಾನು ಓಡಿಸುತ್ತಾನೆ. ನನ್ನ ಮೊಣಕಾಲು ಹಿಡಿದ ವರ್ಷವೆಲ್ಲ, ಕೇಳದೆ, ಹೇಳದೆ, ನನ್ನ ನೀರಿನ ಕೊಡಗಳನ್ನು ತುಂಬಿಸಿ ಬಾಗಿಲ ಬಳಿ ಇಟ್ಟು ಹೋದವನು. ಹೋಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಸೇತುವೆಯ ತಿರುವಿನಲ್ಲಿ ಅವನು ಗಕ್ಕನೆ ಬ್ರೇಕ್ ಹಾಕಿ, ಸಾನ್ವಿ ಎಂಬ ಪುಟ್ಟ ಹುಡುಗಿ ಸೀಟಿನಿಂದ ಬಿದ್ದು ಕೈ ಮುರಿದುಕೊಂಡಳು. ನಾಯಿ ಅಡ್ಡ ಬಂತು ಅಂದ. ಎಲ್ಲರೂ ನಂಬಿದರು. ಹುಡುಗಿಯ ಅಪ್ಪನೇ ಆಸ್ಪತ್ರೆಯ ಬಾಗಿಲಲ್ಲಿ ಅವನಿಗೆ ಚಹಾ ಕುಡಿಸಿ ಸಮಾಧಾನ ಮಾಡಿದರು. ಕೆಲವೇ ದಿನಗಳಲ್ಲಿ ದಾನಪ್ಪನ ಇಡೀ ಹೆಸರು ಬಿತ್ತು. ಸಣ್ಣದಕ್ಕೆ ಒಂದಕ್ಷರ, ಇಡೀ ಹೆಸರು ಬಿದ್ದರೆ ದೊಡ್ಡದೇ ಎಂದು ನಮ್ಮವರ ಲೆಕ್ಕ.

ಮಕ್ಕಳ ಮನೆಯವರು ನೆಪ ಹೇಳತೊಡಗಿದರು. "ಇವತ್ತು ನಾವ ಆ ಕಡಿ ಹೊಂಟೀವಿ, ಮಗನ್ನ ಕರಕೊಂಡು ಹೋಗತೀವಿ" ಎಂದು ಒಬ್ಬರು, ಮರುದಿನ ಇನ್ನೊಬ್ಬರು. ವ್ಯಾನು ಅರ್ಧ ಖಾಲಿಯಾಗಿ, ಆಮೇಲೆ ಪೂರ್ತಿ ಖಾಲಿಯಾಗಿ ಶಾಲೆಗೆ ಹೋಗಿ ಬಂತು. ಎದುರು ಮನೆಯವಳಾಗಿ ಅಕ್ಷರಗಳನ್ನು ಮೊರಕ್ಕೆ ಬಳಿದವಳು ನಾನೇ. ಕೆರೆಯವರೆಗೆ ನಡೆಯಲು ಅವತ್ತು ಮೊಣಕಾಲು ಒಪ್ಪದೆ, ಬಿಸ್ಕೀಟಿನ ಡಬ್ಬದಲ್ಲಿ ಹಾಕಿ ಮುಚ್ಚಳ ಮುಚ್ಚಿಟ್ಟೆ. ಮೊರದಿಂದ ಹಾಗೇ ಸುರಿದೆ, ಬೆನ್ನು ನೋಡಲಿಲ್ಲ.

ದಾನಪ್ಪ ಒಂದು ಸಂಜೆ ಬಂದು ಜಗಲಿಯ ಅಂಚಿನಲ್ಲಿ ಕೂತ.

"ಅಕ್ಕಾರ, ನನಗ ನಿದ್ದಿ ಹತ್ತಿತ್ತೋ ಏನೋ."

"ನಾಯಿ ಬಂತು ಅಂದಿದ್ದಿ?"

"ಅಂದಿದ್ದೆ. ನನಗ ಹಂಗ ಅನಸಿತ್ತು. ಈಗ ನೆನಪ ಮಾಡಕೊಂಡ್ರ ಆ ನಾಯಿ ಯಾವ ಬಣ್ಣದ್ದು ಅಂತ ನೆನಪ ಬರವಲ್ದು. ನಾ ಸುಳ್ಳು ಹೇಳಿರಬೇಕು, ಬಾಗಲಾ ಖರೇ ಹೇಳೇತಿ." ಅಂಗೈ ನೋಡಿಕೊಳ್ಳುತ್ತ ಹೇಳಿದ: "ಶುಕ್ರವಾರ ವ್ಯಾನಿನ ಕೀಲಿ ಸಾಲಿಗೆ ಕೊಟ್ಟು ಬರತೀನ್ರಿ. ಮಕ್ಕಳನ್ನ ಕುಂದರಿಸಿಕೊಂಡು ಮತ್ತ ಗಾಡಿ ಹೊಡಿಯೂದು ಬ್ಯಾಡ. ಅಷ್ಟು ಮಾಡಿದ್ರ ನೀವು ಹೊಸ ಹೆಸರು ಹಚ್ಚಬಹುದಲ್ಲ?"

ನಾನು ಹೂಂ ಅಂದೆ. ವ್ಯಾನಿಲ್ಲದ ದಾನಪ್ಪ ಹೇಗಿರುತ್ತಾನೆಂದು ನನಗೆ ಊಹಿಸಲಾಗಲಿಲ್ಲ. ಆದರೂ ಅಂದೆ.

ಗುರುವಾರ ಬೆಳಿಗ್ಗೆ ಅವನ ಹೆಸರು ಕತ್ತರಿಸಲು ಕೂತೆ. ಮಷೀನು ಅರ್ಧ ಕತ್ತರಿಸಿ ನಿಂತಿತು. ಚಾಕು ಮೇಲೆತ್ತಿಕೊಂಡು, ಮುಂದಿನ ಮಾತು ಮರೆತವರ ಹಾಗೆ ಸುಮ್ಮನೆ ನಿಂತುಬಿಟ್ಟಿತು. ವೈರು ಬಿಚ್ಚಿ ಸಿಕ್ಕಿಸಿದೆ. ಮತ್ತೆ ಅದೇ. ಹಳೆಯ ಮಷೀನಿಗೆ ನೆನಪಿನ ಚೀಲ ಚಿಕ್ಕದು. ತುಂಬಿದಾಗ 'ತಾಳು' ಅನ್ನುತ್ತದೆ, ಲ್ಯಾಪ್‌ಟಾಪು ತಾಳಬೇಕು. ಆ 'ತಾಳು' ಕೇಳಿಸಿಕೊಳ್ಳುವ ಜಾಗ ಪ್ರೋಗ್ರಾಂನಲ್ಲಿ ಎಲ್ಲೋ ಇರಲೇಬೇಕೆಂದು ಒಂದೊಂದೇ ಕಿಟಕಿ ತೆರೆದು ನೋಡುತ್ತ ಹೋದೆ. ಸಿಕ್ಕಿತು, ಸರಿ ಮಾಡಿದೆ. ಅದರ ಪಕ್ಕದಲ್ಲೇ ಇನ್ನೊಂದು ಸಾಲಿತ್ತು. ಚಾಕುವಿನ ಒತ್ತಡವನ್ನು ಮಷೀನಿನ ಗುಂಡಿಯಿಂದಲ್ಲ, ಪ್ರೋಗ್ರಾಂನಿಂದಲೇ ತೆಗೆದುಕೊಳ್ಳಬೇಕು ಎಂಬಲ್ಲಿ ಗುರುತು ಬಿದ್ದಿತ್ತು. ಒತ್ತಡ ದಪ್ಪ ಹಾಳೆಗೆ ಬೇಕಾದಷ್ಟಿತ್ತು.

ಗುಂಡಿಯನ್ನು ಪೂರ್ತಿ ಕಡಿಮೆ ಮಾಡಿ ಒಂದಕ್ಷರ ಕತ್ತರಿಸಿದೆ. ಪೂರ್ತಿ ಹೆಚ್ಚು ಮಾಡಿ ಇನ್ನೊಂದು. ಎರಡೂ ಒಂದೇ ಹಾಗೆ ಬಂದವು. ಲ್ಯಾಪ್‌ಟಾಪ್ ಬಂದಂದಿನಿಂದ ಆ ಗುಂಡಿ ಸುಮ್ಮನೆ ತಿರುಗುತ್ತಿತ್ತು. ಹಾಳೆಯನ್ನು ಬೆಳಕಿಗೆ ಹಿಡಿದೆ. ಅಕ್ಷರದ ಸುತ್ತ ಬೆಣ್ಣೆಕಾಗದ ತೂತಾಗಿ ಬೆಳಕು ಗೆರೆ ಗೆರೆಯಾಗಿ ಬಂತು. ಅಕ್ಷರ ಎಬ್ಬಿಸಿದೆ. ಚಾಕು ಒತ್ತಿ ಒಳಕ್ಕೆ ತಳ್ಳಿದ ಕಾಗದದ ಎಳೆ, ಸೀರೆಯ ಸಣ್ಣ ಅಂಚಿನ ಹಾಗೆ, ಅಕ್ಷರದ ಬೆನ್ನಿನ ಅಂಚಿಗೆಲ್ಲ ಹತ್ತಿಕೊಂಡು ಬಂತು. ಅಂಚಿಗೆ ಅಂಟೇ ಇಲ್ಲ. ಇದನ್ನು ಬಾಗಿಲಿಗೆ ಹಚ್ಚಿದರೆ ಚಳಿಗಾಲದಲ್ಲಿ ನಿಲ್ಲುತ್ತದೆ. ಬಿಸಿಲು ಬಿದ್ದರೆ ಅಂಚು ಸುರುಳಿ ಸುತ್ತಿ ಏಳುತ್ತದೆ. ದಾನಪ್ಪನ ಬಾಗಿಲು ಪಡುವಣಕ್ಕಿದೆ.

ಬಿಸ್ಕೀಟಿನ ಡಬ್ಬ ತೆಗೆದೆ. ಬಾಗಿಲು ಮುಂದೆ ಮಾಡಿಕೊಂಡೆ. ಒಂದಕ್ಷರ ತಿರುಗಿಸಿದೆ. ಬಿಳಿ ಅಂಚು. ಇನ್ನೊಂದು. ಬಿಳಿ ಅಂಚು.

ಅಷ್ಟರಲ್ಲಿ ದಾನಪ್ಪನ ಹೆಂಡತಿ ಕಾಶವ್ವ ಬಾಗಿಲು ತಳ್ಳಿಕೊಂಡು ಬಂದಳು, ಕೈಯಲ್ಲಿ ಮುಚ್ಚಿದ ಬಟ್ಟಲು. ನಾನು ಅಕ್ಷರಗಳ ಮೇಲೆ ಅಂಗೈ ಇಟ್ಟೆ.

"ಅಕ್ಕಾರ, ಸಜ್ಜಕ ಮಾಡಿದ್ದೆ. ಮುಂಜಾನಿಂದ ನಿಮ್ಮ ಮಷೀನಿನ ಸಪ್ಪಳ ಕೇಳಾಕತ್ತೇನಿ, ನೀವು ಊಟ ಮಾಡಿರಂಗಿಲ್ಲ ಅಂತ ಗೊತ್ತಿತ್ತು." ಬಟ್ಟಲು ಇಟ್ಟಳು, ಹೋಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಒಂದು ಮಾತು ಕೇಳತೀನಿ, ಸಿಟ್ಟ ಆಗಬ್ಯಾಡ್ರಿ. ಮಷೀನೇ ಏನರ ಹೆಚ್ಚುಕಮ್ಮಿ ಮಾಡಿರಬಹುದೇನ್ರಿ? ನಾಳೆ ಅವರು ಕೀಲಿ ಕೊಟ್ಟು ಬರತಾರ. ನೀವು ಒಂದು ಮಾತು ಅಂದ್ರ..."

ನನ್ನ ಅಂಗೈಯ ಕೆಳಗೆ ಅವಳ ಗಂಡನ ಹೆಸರಿತ್ತು. ಕಣ್ಣ ಮುಂದೆ ಬಂದದ್ದು ಅವನಲ್ಲ, ಇಡೀ ಓಣಿ. ಬಟ್ಟೆಯ ಗಂಟು ಹೊತ್ತ ಮೆಹರು, ಗೋಡೆಯ ಬಾಗಿಲಲ್ಲಿ ಅಳುತ್ತ ನಿಂತ ಅಣ್ಣತಮ್ಮಂದಿರು, ನಾನು ಹಂಚಿದ ಪೇಢೆ. ಓದಿದ ಹೆಂಗಸು, ವೈರಿನ ಕೆಲಸ ಗೊತ್ತಿದ್ದವಳು, ಬೀಳದ ಹೆಸರಿನವಳು.

"ಇಲ್ಲವ್ವ," ಅಂದೆ. "ಮಷೀನು ಸರಿ ಐತಿ."

ಅವಳು ತಲೆ ಆಡಿಸಿದಳು. "ನೀವು ಅಂದ ಮ್ಯಾಲೆ ಮುಗೀತ್ರಿ. ಸುಮ್ಮನ ಕೇಳಿದೆ." ಹೋಗುವಾಗ ನನ್ನ ಬೆವರಿದ ಮುಖ ನೋಡಿ, ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿ ಹೋದಳು.

ಆ ಗಾಳಿಗೆ ಸಜ್ಜಕ ತಣ್ಣಗಾಯಿತು. ಸಂಜೆ ದೀಪ ಹಚ್ಚಿ ಹೊರಗೆ ಬಂದಾಗ ಹೊಸ್ತಿಲಿನ ಮೇಲೆ ಕಾಲಿಗೆ ಏನೋ ತಗುಲಿತು. ನನ್ನ ಹೆಸರು. ಒಂದಕ್ಷರವೂ ಮೇಲೆ ಉಳಿದಿರಲಿಲ್ಲ. ಅಷ್ಟು ವರ್ಷ ಬಿಸಿಲು ಕಾಣದ ಮರದ ಮೇಲೆ, ಅಕ್ಷರ ಇದ್ದ ಕಡೆ ತಿಳಿಬಣ್ಣದ ಗುರುತು ಮಾತ್ರ ಇತ್ತು. ನೀರು ತರಲು ಹೊರಟಿದ್ದ ಮೆಹರು ಓಣಿಯಲ್ಲಿ ನನ್ನನ್ನು ನೋಡಿದಳು, ಬಾಗಿಲನ್ನು ನೋಡಿದಳು, ಥಟ್ಟನೆ ಆಕಾಶ ನೋಡಿದಳು. "ಮಳಿ ಬರತೈತೇನೋ ಆಪಾ," ಅಂದಳು. ಮೋಡದ ಚೂರೂ ಇರಲಿಲ್ಲ. ನನ್ನ ಬಾಗಿಲನ್ನು ಕಂಡು ಬೇರೆಯವರು ಆ ಮಾತು ಹೇಳಿದ್ದು ಅದೇ ಮೊದಲು. ಅದು ಇಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ.

ಬೆಳಿಗ್ಗೆ ಬಾಗಿಲಾಚೆ ಮೊರ ಕೆರೆಯುವ ಸದ್ದಾಯಿತು. ತೆರೆದೆ. ದಾನಪ್ಪ ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು, ಮುಖವನ್ನು ಆಚೆ ತಿರುಗಿಸಿಕೊಂಡು, ಕುಕ್ಕರುಗಾಲಲ್ಲಿ ಕೂತು ನನ್ನ ಅಕ್ಷರಗಳನ್ನು ಬಳಿದುಕೊಳ್ಳುತ್ತಿದ್ದ. ಎದುರು ಮನೆಯವನು ಅವನೇ ಅಲ್ಲವೆ? ಜೇಬಿನಲ್ಲಿ ವ್ಯಾನಿನ ಕೀಲಿ. ಅವನ ಬಾಗಿಲೂ ಬೋಳು, ನನ್ನದೂ ಬೋಳು. ಅವನಿಗೆ ನನ್ನದನ್ನು ನೋಡಿ ಒಂದಿಷ್ಟು ನೆಮ್ಮದಿಯಾದರೂ ಆಗಬಹುದಿತ್ತು. ಅವನು ಪಿಸುಮಾತಿನಲ್ಲಿ, "ಸಾಲಿಗೆ ಹೋಗೂ ಮುಂದ ಕೆರಿಗೆ ಹಾಕಿ ಹೋಗತೀನ್ರಿ ಅಕ್ಕಾರ. ನೀವು ಒಳಗ ನಡೀರಿ, ಮಂದಿ ಏಳೂ ಹೊತ್ತಾತು," ಅಂದ.

"ದಾನಪ್ಪ, ಅದನ್ನ ತಿರುಗಿಸಿ ನೋಡು."

ಅವನು ನನ್ನ ತಲೆ ಕೆಟ್ಟಿತೇನೋ ಎಂಬಂತೆ ನೋಡಿದ. "ಬ್ಯಾಡ್ರಿ."

"ನೋಡು."

"ನಿಮ್ಮದನ್ನ ನಾ ನೋಡಂಗಿಲ್ರಿ. ಏನಿದ್ರೂ ಅದು ನಿಮ್ಮದು."

ನಾನೇ ಕೂತೆ. ಮೊರದಿಂದ ಒಂದು ತೆಗೆದು ತಿರುಗಿಸಿ ಹೊಸ್ತಿಲ ಮೇಲಿಟ್ಟೆ. ಅಲ್ಲಿಯವರೆಗೆ ನಾನೂ ನೋಡಿರಲಿಲ್ಲ. ಅಂಟು ಅಂಚಿನವರೆಗೂ ಇತ್ತು, ಆಗಷ್ಟೇ ಹಚ್ಚಿದ ಹಾಗೆ ಹಸಿಯಾಗಿ ಹೊಳೆಯುತ್ತಿತ್ತು, ಬೆರಳಿಗೆ ಹತ್ತಿಕೊಂಡಿತು. ಬೀಳಲು ಅದಕ್ಕೆ ಯಾವ ಕಾರಣವೂ ಇರಲಿಲ್ಲ, ನನ್ನನ್ನು ಬಿಟ್ಟು. ಒಳಗೆ ಹೋಗಿ ಬಿಸ್ಕೀಟಿನ ಡಬ್ಬ ತಂದು ಅವನ ಅಕ್ಷರವೊಂದನ್ನು ಪಕ್ಕದಲ್ಲಿ ಬೋರಲು ಹಾಕಿದೆ.

"ಇದು ನಿಂದು. ಸುತ್ತ ಬಿಳಿ ಎಳಿ ಕಾಣತೈತಲ್ಲ, ಅದು ಕಾಗದ. ನನ್ನ ಮಷೀನು ಒತ್ತಿ ಕೊಯ್ದದ್ದು. ಅಂಟು ಹತ್ತಿರಲಿಲ್ಲ, ಬಿಸಲಿಗೆ ಬಿದ್ದಾವು."

ಅವನು ಕಣ್ಣು ಕೆಳಗೆ ಮಾಡಲಿಲ್ಲ. ಅವನ ಮುಖದಲ್ಲಿ ಮೂಡಿದ್ದು ಮರುಕ. "ಅಕ್ಕಾರ, ನೀವು ನನ್ನ ಸಲುವಾಗಿ ಹೇಳಾಕತ್ತೀರಿ. ನಿಮ್ಮ ಗುಣ ನನಗ ಗೊತ್ತೈತಿ. ನಿನ್ನಿ ಕಾಶೀಗೆ ಮಷೀನು ಸರಿ ಐತಿ ಅಂದೀರಂತ."

ನಮ್ಮ ಊರಿನ ತೊಂದರೆ ಇದೇ. ಇಲ್ಲದ ಮಳೆಯನ್ನು ದಿನಾ ಸುರಿಸುವವರಿಗೆ ನಿಜ ಹೇಳಿದರೂ ಉಪಕಾರದ ಹಾಗೆ ಕೇಳುತ್ತದೆ.

"ಹೌದು, ಅಂದೆ. ಇವು ನನ್ನ ಕೈಯ ಕೆಳಗ ಇದ್ದಾಗ ಅಂದೆ. ಗೊತ್ತಿದ್ದು ಅಂದೆ. ಅದಕ್ಕ ನನ್ನ ಹೆಸರು ಬಿತ್ತು, ದಾನಪ್ಪ. ಖರೇನ ಬಿದ್ದದ್ದು ಹಿಂಗ ಇರತೈತಿ, ನೋಡು. ನಿಂದು ಹಂಗಿಲ್ಲ. ನಿನಗ ತೋರಸಾಕ ನನ್ನ ಹತ್ರ ಇದೊಂದೇ ಇರೂದು."

ಆಗ ಅವನು ನೋಡಿದ. ಮೊದಲು ನನ್ನದನ್ನು, ತಪ್ಪಾಯಿತು ಅನ್ನುವ ಹಾಗೆ, ಒಂದು ಕ್ಷಣ. ಆಮೇಲೆ ತನ್ನದನ್ನು. ಬಹಳ ಹೊತ್ತು. ಹೆಬ್ಬೆರಳಿನ ಉಗುರಿನಿಂದ ಬಿಳಿ ಎಳೆಯನ್ನು ಎಬ್ಬಿಸಿದ. ಅದು ಅಕ್ಷರದ ಸುತ್ತಲೂ ದಾರದ ಹಾಗೆ ಬಿಡಿಸಿಕೊಂಡು ಬಂತು.

"ಹಂಗಾದ್ರ," ಅಂದ, "ಅವತ್ತ ನನಗ ನಿದ್ದಿ ಹತ್ತಿರಲಿಲ್ಲ?"

"ಅದು ನನಗ ಗೊತ್ತಿಲ್ಲಪ್ಪ. ಬಾಗಲಾ ಏನೂ ಹೇಳಿಲ್ಲ. ನೀನ ಹೇಳಬೇಕು."

ಅವನು ಆ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತ. ಕಾಶವ್ವ ಎದುರು ಬಾಗಿಲಲ್ಲಿ ಬಂದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ. ಕೊನೆಗೆ ಅವನು, ನನಗಲ್ಲ, ಅವಳಿಗೆ ಎಂಬಂತೆ ಹೇಳಿದ: "ಹತ್ತಿರಲಿಲ್ಲ. ಕಂದು ಬಣ್ಣದ ನಾಯಿ. ಒಂದು ಕಿವಿ ಹರದಿತ್ತು." ಹೇಳಿ, ಮೊಣಕಾಲಿನಲ್ಲಿ ಮುಖ ಇಟ್ಟುಕೊಂಡು ಅತ್ತ. ಕಾಶವ್ವ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು. ಇರಬೇಕಾದ್ದೇ. ಸಿಟ್ಟಿನ ನಡುವೆಯೂ, ನಿನ್ನೆಯ ಬಟ್ಟಲನ್ನು ತೆಗೆದುಕೊಂಡು ಹೋಗಲು ಬಂದವಳು ಅದು ತುಂಬಿದ್ದುದನ್ನು ಕಂಡು, "ತಿಂದಿಲ್ಲ ನೋಡು," ಎಂದು ಬಿಸಿ ಮಾಡಲು ಒಯ್ದಳು.

ಅವತ್ತು ಓಣಿಯ ಮನೆಮನೆಗೂ ಹೋದೆ, ಎರಡು ಅಕ್ಷರಗಳನ್ನು ತಟ್ಟೆಯಲ್ಲಿ ಬೋರಲಿಟ್ಟುಕೊಂಡು. ಮೊದಲ ಮನೆ ಸಾನ್ವಿಯದು. ಅವಳ ಅಪ್ಪ ತಟ್ಟೆಯನ್ನು ನೋಡಲು ಒಪ್ಪದೆ ಗೋಡೆಯ ಕಡೆ ತಿರುಗಿ ನಿಂತರು. ಹಾಸಿಗೆಯಲ್ಲಿದ್ದ ಸಾನ್ವಿಯೇ, "ಅಪ್ಪಾ, ನಾಯಿ ಇತ್ತು ಅಂತ ನಾ ಹೇಳಿದ್ನಲ್ಲ," ಅಂದಳು. ಅವಳ ಮಾತಿಗೆ ಯಾರೂ ಕಿವಿಗೊಟ್ಟಿರಲಿಲ್ಲ. ಬಾಗಿಲು ಹೇಳಿದ ಮೇಲೆ ಕೂಸಿನ ಮಾತು ಯಾರಿಗೆ ಬೇಕು? ಆ ತಂದೆ ಮುಖ ಮುಚ್ಚಿಕೊಂಡು ಕೂತದ್ದನ್ನು ನಾನು ನೋಡಬಾರದಿತ್ತು. ಬೇಗ ಹೊರಗೆ ಬಂದೆ.

ಮೆಹರು ಮಾತ್ರ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಅಂದ್ರ ಆಪಾ, ನನ್ನ ಅಕ್ಷರ ನಿಮ್ಮ ಕಾಗದಕ್ಕ ಬಿತ್ತೇನು?"

"ಹೌದು ಮೆಹರು."

"ಊರಿನ ಬಟ್ಟಿ ತುಂಡೆಲ್ಲ ವಾಪಸ ಕೊಟ್ಟೆನಲ್ಲ! ಒಂದು ರಜಾಯಿ ಹೊಲಿಯೂವಷ್ಟು ಇತ್ತು!"

"ತಪ್ಪಾತವ್ವ."

"ರೇಶ್ಮಿ ತುಂಡು ಇದ್ದವು ಅದರಾಗ." ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. "ಹೋಗ್ಲಿ ಬಿಡ್ರಿ. ಅವು ಇರೂತನಕ ನನಗೂ ಯಾರರ ಪೆಟಗಿ ತಗದಾರು ಅಂತ ಧಾಸ್ತಿ ಇತ್ತು."

ಅಣ್ಣತಮ್ಮಂದಿರ ಮನೆಯಲ್ಲಿ ಅಣ್ಣ ನನ್ನ ಮಾತು ಪೂರ್ತಿ ಕೇಳಿ, ಒಳಗಿನ ಬಾಗಿಲತ್ತ ಹಣಿಕಿ, "ತಮ್ಮಗ ಹೇಳಬ್ಯಾಡ್ರಿ ಅಕ್ಕಾರ," ಎಂದು ಕೈ ಮುಗಿದ. ಆಚೆ ಕಡೆಯಿಂದ ಹೋದಾಗ ತಮ್ಮನೂ ಅದನ್ನೇ ಹೇಳಿದ. ಅವರಿಬ್ಬರಿಗೆ ಹೊಸ ಹೆಸರು ಕತ್ತರಿಸುವಾಗ ಮಳೆಗೆ ಹೋಯಿತೆಂದೇ ಇಟ್ಟುಕೊಂಡೆವು. ಬೈದವರೂ ಇದ್ದರು. ಒರಳು ಮರಳಿಸಿದ ಹೆಂಗಸು ನನ್ನೊಡನೆ ಇನ್ನೂ ಮಾತಾಡಿಲ್ಲ.

ಈಗ ಗುಂಡಿ ಮಾತು ಕೇಳುತ್ತದೆ. ಕತ್ತರಿಸಿದ ಪ್ರತಿ ಅಕ್ಷರವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಬೆನ್ನು ನೋಡಿಯೇ ಕೊಡುತ್ತೇನೆ. ಹುಟ್ಟುವ ಮೊದಲು ನೋಡಿದರೆ ದೋಷವಿಲ್ಲ ಎಂದು ಮೌನೇಶಪ್ಪ ಹೇಳಿದ್ದಾನೆ. ದಾನಪ್ಪನ ಹೆಸರನ್ನು ಅದೇ ಶನಿವಾರ ನಾನೇ ಸ್ಟೂಲು ಹತ್ತಿ ಹಚ್ಚಿದೆ. ಪಡುವಣ ಬಿಸಿಲು ದಿನವೂ ಅದರ ಮೇಲೆ ಸುರಿಯುತ್ತದೆ. ಅಂಚು ಸಹ ಏಳಲಿಲ್ಲ.

ನನ್ನದು ಇನ್ನೂ ನಿಲ್ಲುತ್ತಿಲ್ಲ. ಮನೆಮನೆಗೆ ಹೋಗಿ ಹೇಳಿದ್ದು ಬಾಗಿಲಿಗೆ ಇನ್ನೂ ಸಾಕಾಗಿಲ್ಲವೇನೋ. ವ್ಯಾನು ತೆಗೆಯುವ ಮೊದಲು ದಾನಪ್ಪ ಬಂದು, ಮಡಿಯಲ್ಲಿರುವವನ ಹಾಗೆ ಕೈ ತೊಳೆದುಕೊಂಡು, ಅಕ್ಷರಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತುತ್ತಾನೆ. ಸಂಜೆಯ ಹೊತ್ತಿಗೆ ಅವು ಹೊಸ್ತಿಲ ಮೇಲಿರುತ್ತವೆ. "ಮಷೀನು ನೋಡ್ರಿ ಒಮ್ಮೆ," ಅನ್ನುತ್ತ ಮೊರ ತರುತ್ತಾನೆ. ಮಷೀನಿನಲ್ಲಿ ಏನೂ ಇಲ್ಲವೆಂದು ಇಬ್ಬರಿಗೂ ಗೊತ್ತು. ನಾನು ನೋಡುತ್ತೇನೆ ಅನ್ನುತ್ತೇನೆ.

ಇವತ್ತು ಬೆಳಿಗ್ಗೆ ಅವನಿಗೆ ತಡವಾಗಿತ್ತು, ಹೆಸರು ಹಚ್ಚಲು ಬಿಡುವಾಗಲಿಲ್ಲ. ನಾನು ಬೋಳು ಬಾಗಿಲ ಮುಂದೆ ಕಸ ಗುಡಿಸುತ್ತಿದ್ದೆ. ವ್ಯಾನು ಓಣಿಯೊಳಗೆ ಬಂತು, ಕಿಟಕಿ ಕಿಟಕಿಗೂ ಮಕ್ಕಳು. ಗದ್ದಲ ದೂರದಿಂದಲೇ ಕೇಳುತ್ತಿತ್ತು. ನನ್ನ ಮನೆ ಹತ್ತಿರವಾದ ಹಾಗೆ ಗದ್ದಲ ನಿಂತಿತು. ಎಲ್ಲ ತಲೆಗಳೂ, ಪಟ್ಟಿ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡಿದ್ದ ಸಾನ್ವಿಯದೂ ಸೇರಿ, ಒಟ್ಟಿಗೆ ಆಚೆ ಕಡೆ ತಿರುಗಿದವು. ದಾನಪ್ಪ ರಸ್ತೆಯಿಂದ ಕಣ್ಣು ತೆಗೆಯುವ ಹಾಗಿಲ್ಲವಲ್ಲ. ಅವನು ನೆಟ್ಟಗೆ ಮುಂದೆ ನೋಡುತ್ತ, ಮೆಲ್ಲಗೆ, ಕಸಬರಿಗೆಯ ಧೂಳು ಏಳದಷ್ಟು ಮೆಲ್ಲಗೆ, ನನ್ನನ್ನು ದಾಟಿಕೊಂಡು ಹೋದ.